ಎತ್ತದೆ ಉಳಿದ ಎಲೆ

ಏನಾದರೊಂದು ಕುಸಿದುಬಿದ್ದಾಗ ನಾವೆಲ್ಲ ಮೊದಲು ಕೇಳುವ ಪ್ರಶ್ನೆ, "ಆಗ ಅಲ್ಲಿ ಯಾರಿದ್ದರು?" ಎಂಬುದು. ಹಾಲು ಉಕ್ಕಿ ಚೆಲ್ಲಿದರೆ ಒಲೆಯ ಮುಂದೆ ಯಾರಿದ್ದರು, ಗಾಜಿನ ಲೋಟ ಒಡೆದರೆ ಅದು ಯಾರ ಕೈಯಲ್ಲಿತ್ತು ಎಂದು ವಿಚಾರಿಸುತ್ತೇವೆ. ಬಹಳ ಸಲ ಈ ಪ್ರಶ್ನೆ ಸರಿಯಾದದ್ದೇ. ಹಾಲು ಉಕ್ಕಿದ್ದಕ್ಕೆ ಒಲೆಯ ಮುಂದಿದ್ದವರ ಮೈಮರೆವೇ ಕಾರಣ. ಬೇರೆ ಯಾರನ್ನೂ ಹುಡುಕಬೇಕಾಗಿಲ್ಲ. ಆದರೆ ಎಲ್ಲ ಅನಾಹುತಗಳೂ ಹಾಲು ಉಕ್ಕಿದ ಹಾಗೆ ಆಗುವುದಿಲ್ಲ. ಕೆಲವು ವಾರಗಟ್ಟಲೆ, ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ಸದ್ದಿಲ್ಲದೆ ತುಂಬಿಕೊಳ್ಳುತ್ತಾ ಬಂದು, ಒಂದು ದಿನ ಯಾರೋ ಒಬ್ಬರ ಕೈಯಲ್ಲಿ ಒಡೆಯುತ್ತವೆ. ಆ ಕೈಯದು ಏನೂ ತಪ್ಪಿರುವುದಿಲ್ಲ. ಅಂಥ ಹೊತ್ತಿನಲ್ಲಿ ತಪ್ಪು ಯಾರದು? ಕುಸಿದವರದೇ, ಕೊನೆಯಲ್ಲಿ ಮುಟ್ಟಿದವರದೇ, ಇಲ್ಲ ಎಂದೋ ತೆಗೆದುಕೊಂಡು ಹಿಂದಿರುಗಿಸದೆ ಹೋದವರದೇ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಕಂಪ್ಯೂಟರು ಎಂದರೆ ನೀವು ನಗಬಹುದು. ಅದರ ವಿಷಯ ನಮಗೇಕೆ ಎಂದು ದಯವಿಟ್ಟು ಪುಟ ಮಗುಚಬೇಡಿ. ಬಿ.ಎ., ಬಿ.ಎಡ್. ಓದಿ ಮಕ್ಕಳಿಗೆ ಪಾಠ ಹೇಳುವ ನನಗೆ ಅರ್ಥವಾದದ್ದು ನಿಮಗೆ ಅರ್ಥವಾಗದೆ ಇರುವುದಿಲ್ಲ. ಒಂದು ಮದುವೆಮನೆಯ ಊಟದ ಹಾಲನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು.

ನಾವು ಮನೆಯಲ್ಲಿ ಕುಳಿತು ಫೋನಿನಲ್ಲಿ ಕರೆಂಟು ಬಿಲ್ಲು ಕಟ್ಟುತ್ತೇವೆ, ಬಸ್ಸಿನ ಟಿಕೆಟ್ಟು ಕಾದಿರಿಸುತ್ತೇವೆ, ಮಕ್ಕಳ ಫಲಿತಾಂಶ ನೋಡುತ್ತೇವೆ. ಇದನ್ನೆಲ್ಲ ಎಲ್ಲೋ ದೂರದಲ್ಲಿ ಕುಳಿತು ಮಾಡಿಕೊಡುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಬಡಿಸುವವ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬರು ಬಂದು ಏನಾದರೂ ಕೇಳಿದಾಗಲೂ ಅದು ತನ್ನ ಮೆಮೊರಿಯಲ್ಲಿ ಸ್ವಲ್ಪ ಜಾಗ ತೆಗೆದು, ಅಲ್ಲಿ ಎಲೆ ಹಾಕಿ, ಬಡಿಸಿ, ಬಂದವರು ಎದ್ದ ಮೇಲೆ ಎಲೆ ಎತ್ತಿ ಜಾಗವನ್ನು ಮತ್ತೊಬ್ಬರಿಗೆ ಬಿಟ್ಟುಕೊಡಬೇಕು. ನೂರು ಜನ ಕೂರುವ ಹಾಲಿನಲ್ಲಿ ಸಾವಿರ ಜನಕ್ಕೆ ಊಟ ಹಾಕಲು ಸಾಧ್ಯವಾಗುವುದು ಹೀಗೆ ಎಲೆ ಎತ್ತುವುದರಿಂದಲೇ. ಬಡಿಸುವವರ ಚುರುಕನ್ನು ಎಲ್ಲರೂ ಹೊಗಳುತ್ತಾರೆ. ಎಲೆ ಎತ್ತುವವರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಈಗ ಒಂದೊಂದು ಪಂಕ್ತಿಯಲ್ಲೂ ಒಂದೇ ಒಂದು ಎಲೆ ಎತ್ತದೆ ಉಳಿಯುತ್ತದೆ ಎಂದುಕೊಳ್ಳಿ. ನಾಮಕರಣದಂಥ ಸಣ್ಣ ಸಮಾರಂಭದಲ್ಲಿ ಎರಡು ಪಂಕ್ತಿಗೆ ಎಲ್ಲ ಮುಗಿದುಹೋಗುತ್ತದೆ. ಎರಡು ಜಾಗ ಕಡಿಮೆಯಾದದ್ದು ಯಾರ ಗಮನಕ್ಕೂ ಬರುವುದಿಲ್ಲ. ನೂರು ಪಂಕ್ತಿಯ ಜಾತ್ರೆಯ ಊಟವಾದರೆ ಕೊನೆಕೊನೆಗೆ ಕೂರಲು ಜಾಗವೇ ಇರುವುದಿಲ್ಲ. ಕಂಪ್ಯೂಟರಿನವರು ಇದಕ್ಕೆ ಮೆಮೊರಿ ಲೀಕ್ ಎನ್ನುತ್ತಾರೆ. ಸೋರಿಕೆ ಎಂಬ ಮಾತು ನನಗೇನೋ ಅಷ್ಟು ಒಪ್ಪುವುದಿಲ್ಲ. ಏನೂ ಹೊರಗೆ ಹರಿದು ಹೋಗಿರುವುದಿಲ್ಲ. ಎಲ್ಲವೂ ಒಳಗೇ ಬೇಡವಾಗಿ ಉಳಿದಿರುತ್ತದೆ.

ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಇಂಗ್ಲಿಷಿನ ಸುಮಾರು ಒಂದು ಸಾವಿರ ಅಕ್ಷರ ಹಿಡಿಸುವ ಜಾಗಕ್ಕೆ ಒಂದು ಕಿಲೋಬೈಟ್ ಎಂದು ಹೆಸರು. ಸರ್ವರಿಗೆ ಸೆಕೆಂಡಿಗೆ ಒಬ್ಬರು ಬಂದು, ಒಬ್ಬೊಬ್ಬರಿಂದಲೂ ಒಂದು ಕಿಲೋಬೈಟ್ ಜಾಗ ಬಿಡದೆ ಉಳಿದರೆ, 8 ಗಿಗಾಬೈಟ್ ಮೆಮೊರಿ ತುಂಬಲು ಮೂರು ತಿಂಗಳು ಬೇಕು. ಸೆಕೆಂಡಿಗೆ 100 ಜನ ಬಂದರೆ ಅದೇ ಮೆಮೊರಿ ಒಂದು ದಿನ ಕಳೆಯುವ ಮೊದಲೇ ತುಂಬಿಹೋಗುತ್ತದೆ. ತಪ್ಪು ಎರಡೂ ಕಡೆ ಒಂದೇ. ಹೊರೆ ಹೆಚ್ಚಾದಾಗ ಅದು ಕಾಣಿಸುತ್ತದೆ, ಅಷ್ಟೆ. ಹಾಗಾಗಿ ನೋಡಿದವರೆಲ್ಲ "ಜನ ಜಾಸ್ತಿಯಾದರು, ಅದಕ್ಕೇ ಬಿತ್ತು" ಎಂದುಬಿಡುತ್ತಾರೆ. ಮನೆಗೆ ನೆಂಟರು ಬಂದ ದಿನವೇ ಮನೆಯೊಡತಿ ಸಿಡಿಮಿಡಿಗೊಂಡರೆ ನೆಂಟರೇ ಕಾರಣ ಎಂದುಕೊಳ್ಳುವ ಹಾಗೆ.

ಈ ವಿಷಯಕ್ಕೆ ಒಂದು ಹಳೆಯ, ಆದರೆ ಮರೆಯಬಾರದ ನಿದರ್ಶನವಿದೆ. ಲಂಡನ್ ನಗರದ ಆಂಬುಲೆನ್ಸ್ ಸೇವೆ ಸುಮಾರು 600 ಚದರ ಮೈಲಿ ವಿಸ್ತಾರದಲ್ಲಿ 68 ಲಕ್ಷ ಜನರನ್ನು ನೋಡಿಕೊಳ್ಳುತ್ತಿತ್ತು. ದಿನಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕರೆಗಳು. ಯಾವ ಗಾಡಿಯನ್ನು ಎಲ್ಲಿಗೆ ಕಳಿಸಬೇಕೆಂದು ಕಾಗದದ ಚೀಟಿಗಳಲ್ಲಿ ಬರೆದುಕೊಂಡು ನಡೆಸುತ್ತಿದ್ದ ಕೆಲಸವನ್ನು 1992ರ ಅಕ್ಟೋಬರ್ 26ರಂದು ಪೂರ್ತಿ ಕಂಪ್ಯೂಟರಿಗೆ ಒಪ್ಪಿಸಿದರು. ಮೊದಲ ದಿನವೇ ಗೊಂದಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅರ್ಧ ಕಂಪ್ಯೂಟರು, ಅರ್ಧ ಕೈಕೆಲಸ ಎಂಬ ಏರ್ಪಾಟಿಗೆ ಹಿಂದೆ ಸರಿಯಬೇಕಾಯಿತು. ಅದಾಗಿ ಒಂದು ವಾರ ಕಳೆದ ಮೇಲೆ, ನವೆಂಬರ್ 4ರ ಬೆಳಗಿನ ಜಾವ ಎರಡು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ, ಉಳಿದ ವ್ಯವಸ್ಥೆಯೂ ನಿಧಾನವಾಗುತ್ತಾ ಬಂದು ನಿಂತುಹೋಯಿತು. ಪರದೆಗಳನ್ನು ಆರಿಸಿ ಮತ್ತೆ ಹಚ್ಚಿದರೂ ಪ್ರಯೋಜನವಾಗಲಿಲ್ಲ. ಆಪತ್ತಿಗೆಂದು ಇಟ್ಟಿದ್ದ ಎರಡನೆಯ ಯಂತ್ರವೂ ಕೈಕೊಟ್ಟಿತು. ಕೆಲಸದಲ್ಲಿದ್ದ ಸಿಬ್ಬಂದಿ ಧ್ವನಿಮುದ್ರಿಕೆಗಳಿಂದ ಕರೆಗಳನ್ನು ಮತ್ತೆ ಕೇಳಿ, ಕಾಗದ ಪೆನ್ನು ಹಿಡಿದು ಗಾಡಿಗಳನ್ನು ಕಳಿಸಿದರು.

1993ರಲ್ಲಿ ಹೊರಬಂದ ವಿಚಾರಣಾ ವರದಿ ಕಾರಣವನ್ನು ಹೇಳಿತು. ಮೂರು ವಾರದ ಹಿಂದೆ ಒಬ್ಬ ಪ್ರೋಗ್ರಾಮರ್ ಏನೋ ಕೆಲಸ ಮಾಡುವಾಗ ಒಂದು ತುಣುಕು ಬರವಣಿಗೆಯನ್ನು ಅಲ್ಲೇ ಬಿಟ್ಟುಹೋಗಿದ್ದ. ಅದರಿಂದಾಗಿ ಒಂದೊಂದು ಆಂಬುಲೆನ್ಸ್ ಹೊರಡಿಸಿದಾಗಲೂ ಸರ್ವರಿನ ಮೆಮೊರಿಯಲ್ಲಿ ಸ್ವಲ್ಪ ಜಾಗ ಹಿಡಿದು, ಬಿಡುಗಡೆಯಾಗದೆ ಉಳಿಯುತ್ತಿತ್ತು. ಮೂರು ವಾರದಲ್ಲಿ ಎಲ್ಲ ಜಾಗವೂ ಮುಗಿಯಿತು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆ ಒಳ್ಳೆಯದಕ್ಕೆ ಮಾತ್ರ ಅನ್ವಯಿಸುವುದಿಲ್ಲ.

ಈ ಕಥೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಆ ಗಳಿಗೆ. ಬೆಳಗಿನ ಜಾವ ಎರಡು ಗಂಟೆ, ಕರೆಗಳು ಕಡಿಮೆ ಇರುವ ಹೊತ್ತು. ಗದ್ದಲದ ಹಗಲುಗಳನ್ನೆಲ್ಲ ತಾಳಿಕೊಂಡು ಬಂದದ್ದು ನೆಮ್ಮದಿಯ ಹೊತ್ತಿನಲ್ಲಿ ಬಿತ್ತು. ಹೊರೆ ತುಂಬಿಸಿದ್ದು ಹಗಲು, ಕುಸಿದದ್ದು ಇರುಳು. ಆ ರಾತ್ರಿ ಪಾಳಿಯಲ್ಲಿದ್ದವರ ಮುಖವನ್ನು ನಾನು ಊಹಿಸಿಕೊಳ್ಳುತ್ತೇನೆ. ಕೊನೆಯ ಎಲೆಗೆ ಜಾಗ ಕೇಳಿದ ಆ ಒಂದು ಆಂಬುಲೆನ್ಸ್ ಕರೆ ಮಾಡಿದ ಅಪರಾಧವಾದರೂ ಏನು? ಅದಕ್ಕಿಂತ ಮುಂಚಿನ ಸಾವಿರಾರು ಕರೆಗಳು ಕೇಳಿದ್ದನ್ನೇ ಅದೂ ಕೇಳಿತ್ತು.

ನಮ್ಮ ಮನೆಗಳಲ್ಲಿ ಇದು ನಡೆಯುವುದನ್ನು ನೀವೂ ಕಂಡಿರುತ್ತೀರಿ. ಮದುವೆಯಾಗಿ ಇಪ್ಪತ್ತು ವರ್ಷ ಎಲ್ಲದಕ್ಕೂ ಹೂಂಗುಟ್ಟಿಕೊಂಡು ಬಂದ ಹೆಂಗಸು, ಒಂದು ಸಂಜೆ, ಮನೆಯಲ್ಲಿ ಏನೂ ಗಲಾಟೆ ಇಲ್ಲದ ಹೊತ್ತಿನಲ್ಲಿ, "ಕಾಫಿ ಸ್ವಲ್ಪ ತಣ್ಣಗಾಗಿದೆ" ಎಂದ ಮಾತಿಗೆ ಲೋಟ ಕುಕ್ಕಿ ಒಳಗೆ ಹೋಗಿ ಅಳುತ್ತಾಳೆ. "ಇಷ್ಟಕ್ಕೆ ಇಷ್ಟು ಸಿಟ್ಟೇ?" ಎಂದು ಮನೆಯವರಿಗೆಲ್ಲ ಅಚ್ಚರಿ. ಕಾಫಿಯ ಮಾತು ಆಡಿದ ಮಗ ತಬ್ಬಿಬ್ಬು. ನಿಜ ಹೇಳಬೇಕೆಂದರೆ ಇಬ್ಬರೂ ನಿರಪರಾಧಿಗಳು. ಎಂದೋ ಎತ್ತದೆ ಬಿಟ್ಟ ಎಲೆಗಳು ಬೇರೆ ಕಡೆ ಇವೆ. ಆದರೆ ಆ ದಿನದ ವಿಚಾರಣೆ ಕಾಫಿಯ ಸುತ್ತಲೇ ಸುತ್ತಿ ಮುಗಿದುಹೋಗುತ್ತದೆ.

ನನ್ನ ತಂಗಿಯ ಮಗಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಇಂಥ ಸರ್ವರುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಒಂದು ಹಬ್ಬದ ಮಾರಾಟದ ರಾತ್ರಿ ಅವರ ಸರ್ವರು ನಿಂತಿತು. ಬೆಳಿಗ್ಗೆ ನಡೆದ ಸಭೆಯಲ್ಲಿ ಮೊದಲ ಪ್ರಶ್ನೆ, "ಡ್ಯೂಟಿಯಲ್ಲಿ ಯಾರಿದ್ದರು?" ಇದ್ದದ್ದು ಇವಳು. "ದೊಡ್ಡಮ್ಮಾ, ರಾತ್ರಿ ಪಾಳಿ ನನ್ನದಿತ್ತು ಅನ್ನೋದೊಂದೇ ನನ್ನ ತಪ್ಪು" ಎಂದು ಫೋನಿನಲ್ಲಿ ಹೇಳಿದಳು. ಎರಡು ದಿನ ನಿದ್ದೆಗೆಟ್ಟು ಅವಳೇ ಕಾರಣ ಹುಡುಕಿದಳು. ಎಂಟು ತಿಂಗಳ ಹಿಂದೆ ಒಬ್ಬ ಹುಡುಗ ಬರೆದ ಪ್ರೋಗ್ರಾಮಿನಲ್ಲಿ ಒಂದು ಪಟ್ಟಿ ಇತ್ತು. ಬಂದ ಗಿರಾಕಿಗಳ ವಿವರ ಅದಕ್ಕೆ ಸೇರುತ್ತಾ ಹೋಗುತ್ತಿತ್ತು, ತೆಗೆಯುವವರು ಯಾರೂ ಇರಲಿಲ್ಲ. ಆ ಪಟ್ಟಿಯನ್ನು ನೋಡುವವರೂ ಯಾರೂ ಇರಲಿಲ್ಲ. ಆ ಹುಡುಗ ಹೇಳಿದ ದಿನಕ್ಕಿಂತ ಮುಂಚೆ ಕೆಲಸ ಮುಗಿಸಿದ್ದನೆಂದು ಅಂದು ಶಹಭಾಸ್ ಪಡೆದಿದ್ದ.

"ಹಾಗಾದರೆ ಅವನ ತಪ್ಪು ಅಂತ ಬರೆದುಕೊಡೇ" ಎಂದೆ.

"ಪಟ್ಟಿಯ ಹೆಸರು ಬರೆದಿದೀನಿ ದೊಡ್ಡಮ್ಮಾ, ಅವನ ಹೆಸರು ಬರೆದಿಲ್ಲ. ಅವಸರ ಮಾಡಿ ಅಂದವರಿದ್ದಾರೆ, ಓದಿ ನೋಡದೆ ಒಪ್ಪಿದವರಿದ್ದಾರೆ. ಅವರ ಹೆಸರೂ ಬರೀಬೇಕಾಗುತ್ತೆ" ಎಂದಳು.

ಅವಳು ಮಾಡಿದ್ದು ಪೂರ್ತಿ ಸರಿ ಎಂದು ನನಗೆ ಅನ್ನಿಸಲಿಲ್ಲ, ಇಂದಿಗೂ ಅನ್ನಿಸುವುದಿಲ್ಲ. ತಪ್ಪಿಗೆ ಹೆಸರೇ ಇಲ್ಲದಿದ್ದರೆ ತಿದ್ದಿಕೊಳ್ಳುವವರು ಯಾರು? "ಎಲ್ಲರದೂ ತಪ್ಪು" ಎಂಬ ಮಾತು ಬೇಗನೆ "ಯಾರದೂ ತಪ್ಪಲ್ಲ" ಎಂಬುದಕ್ಕೆ ತಿರುಗಿಬಿಡುತ್ತದೆ. ತರಗತಿಯಲ್ಲಿ ಇದನ್ನು ದಿನವೂ ನೋಡುತ್ತೇನೆ. ಆದರೂ ಲಂಡನ್ನಿನ ವರದಿಯನ್ನು ನೆನೆದಾಗ ಅವಳ ಮಾತಿನ ತೂಕ ತಿಳಿಯುತ್ತದೆ. ಆ ವರದಿ ಪ್ರೋಗ್ರಾಮರನ ಅಜಾಗರೂಕತೆಯನ್ನು ಮುಚ್ಚಿಡಲಿಲ್ಲ. ಇದು ಆಗಬಾರದಿತ್ತು ಎಂದೇ ಹೇಳಿತು. ಜೊತೆಗೆ, ಬದಲಾವಣೆಗಳನ್ನು ಪರಿಶೀಲಿಸುವ ಕ್ರಮವೇ ಇರಲಿಲ್ಲವೆಂದೂ, ಇಂಥ ದೋಷ ಸಾಮಾನ್ಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದೂ ಕಷ್ಟವೆಂದೂ ಹೇಳಿತು. ತಪ್ಪನ್ನು ತಪ್ಪೆನ್ನುವುದು ಬೇರೆ, ಒಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಬೇರೆ. ಇವೆರಡರ ನಡುವೆ ನಡೆಯುವ ದಾರಿ ಕಿರಿದು. ಆದರೂ ದಾರಿ ಇದೆ.

ಹಾಗಾದರೆ ಹುಡುಕುವುದು ಹೇಗೆ? ಅವಳು ಹೇಳಿದ ಕ್ರಮದಲ್ಲಿ ನನಗೊಂದು ನೀತಿಪಾಠವೇ ಕಂಡಿತು. ಮೊದಲು, ಮೆಮೊರಿ ಎಷ್ಟು ತುಂಬಿದೆ ಎಂದು ನೋಡಿದರೆ ಏನೂ ತಿಳಿಯುವುದಿಲ್ಲವಂತೆ. ಕೆಲಸ ನಡೆಯುವಾಗ ತುಂಬುವುದು ಸಹಜ. ಗುಡಿಸಿ ಸಾರಿಸಿದ ಮೇಲೆ ಎಷ್ಟು ಉಳಿಯುತ್ತದೆ ಎಂಬುದನ್ನು ನೋಡಬೇಕು. ಸೋಮವಾರ ಉಳಿದದ್ದಕ್ಕಿಂತ ಮಂಗಳವಾರ ಹೆಚ್ಚು, ಮಂಗಳವಾರಕ್ಕಿಂತ ಬುಧವಾರ ಹೆಚ್ಚು ಎಂದಾದರೆ ಎಲ್ಲೋ ಎಲೆ ಎತ್ತುತ್ತಿಲ್ಲ. ಆಮೇಲೆ ಮೆಮೊರಿಯ ಪೂರ್ತಿ ಚಿತ್ರವನ್ನು ಎರಡು ಬೇರೆ ಬೇರೆ ಹೊತ್ತಿನಲ್ಲಿ ತೆಗೆದು ಪಕ್ಕಪಕ್ಕದಲ್ಲಿಟ್ಟು, ಯಾವುದು ಬೆಳೆದಿದೆ ಎಂದು ಹೋಲಿಸಬೇಕು. ಕೊನೆಗೆ, ಬೆಳೆದದ್ದನ್ನು ಯಾರು ಹಿಡಿದುಕೊಂಡಿದ್ದಾರೆ, ಅವರನ್ನು ಯಾರು ಹಿಡಿದುಕೊಂಡಿದ್ದಾರೆ ಎಂದು ಒಂದೊಂದೇ ಕೊಂಡಿ ಹಿಡಿದು ಬೇರಿನವರೆಗೆ ಹೋಗಬೇಕು. ಸಿಕ್ಕಿತೆಂದು ಅಲ್ಲಿಗೇ ಬಿಡುವಂತಿಲ್ಲ. ಸರಿಮಾಡಿದ ಮೇಲೆ, ಬೇಕೆಂದೇ ಸಾವಿರಾರು ಸುಳ್ಳು ಗಿರಾಕಿಗಳನ್ನು ಕಳಿಸಿ, ಅದೇ ಹೊರೆಯಲ್ಲಿ ನಿಲ್ಲುತ್ತದೋ ಇಲ್ಲವೋ ನೋಡಬೇಕು. "ಯಾರು ಬಿದ್ದರು" ಎಂದು ಈ ಕ್ರಮ ಎಲ್ಲಿಯೂ ಕೇಳುವುದಿಲ್ಲ. "ಯಾರು ಇನ್ನೂ ಹಿಡಿದುಕೊಂಡಿದ್ದಾರೆ" ಎಂದು ಮಾತ್ರ ಕೇಳುತ್ತದೆ.

ಇದಕ್ಕೆ ತಾಳ್ಮೆ ಬೇಕು. ತಾಳ್ಮೆಯಿಲ್ಲದವರಿಗೆ ಎರಡು ಸುಲಭದ ದಾರಿಗಳಿವೆ. ಒಂದು, ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದು. ಹಾಲು ಖಾಲಿಯಾಗಿ ಮೊದಲ ಪಂಕ್ತಿಯಿಂದ ಶುರುವಾಗುತ್ತದೆ. ಎತ್ತದ ಎಲೆಗಳೂ ಮತ್ತೆ ಶುರುವಾಗುತ್ತವೆ. ಎಷ್ಟೋ ಕಡೆ ದಿನಕ್ಕೊಮ್ಮೆ ಹೀಗೆ ಮಾಡಿಕೊಂಡು ವರ್ಷಗಟ್ಟಲೆ ಕಾಲ ತಳ್ಳುತ್ತಾರಂತೆ. ಬಳಲಿದ ಮಗಳನ್ನು ಹದಿನೈದು ದಿನ ತವರಿಗೆ ಕರೆಸಿಕೊಂಡು, ಮೈಕೈ ತುಂಬಿದ ಮೇಲೆ ಅದೇ ಮನೆಗೆ, ಅದೇ ಕಟ್ಟಳೆಗೆ ಕಳಿಸಿಕೊಡುವ ನಮ್ಮ ಪದ್ಧತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ತವರಿನ ಹದಿನೈದು ದಿನ ಬೇಡವೆಂದು ನಾನು ಹೇಳುತ್ತಿಲ್ಲ. ಅದರಿಂದ ಜೀವ ಉಳಿಯುತ್ತದೆ. ಆದರೆ ಅದು ರಿಪೇರಿಯಲ್ಲ.

ಎರಡನೆಯ ದಾರಿ, ಇನ್ನಷ್ಟು ಮೆಮೊರಿ ತಂದು ಜೋಡಿಸುವುದು. ಎಂಟಿದ್ದದ್ದು ಹದಿನಾರಾದರೆ ಒಂದು ದಿನದಲ್ಲಿ ಬೀಳುತ್ತಿದ್ದದ್ದು ಎರಡು ದಿನಕ್ಕೆ ಬೀಳುತ್ತದೆ. ಇಲ್ಲಿ ನನಗೆ ನಮ್ಮ ಹಳೆಯ ಮಾತೊಂದರ ಬಗ್ಗೆ ಅನುಮಾನ ಹುಟ್ಟುತ್ತದೆ. ತಾಳಿದವನು ಬಾಳಿಯಾನು ಎನ್ನುತ್ತೇವೆ. ಗಾದೆ 'ತಾಳಿದವನು' ಎಂದರೂ ಅದನ್ನು ಹೇಳಿಸಿಕೊಳ್ಳುವವರು ಹೆಚ್ಚಾಗಿ ಹೆಂಗಸರು. ಸೈರಣೆ ದೊಡ್ಡ ಗುಣ, ಸಂದೇಹವಿಲ್ಲ. ಆದರೆ ಸುತ್ತಲಿನವರು ತಮ್ಮ ಎಲೆ ತಾವು ಎತ್ತದೆ, "ನಿನಗೆ ತಾಳ್ಮೆ ಹೆಚ್ಚು" ಎಂದು ಹೊಗಳುತ್ತಿದ್ದರೆ, ಆ ಹೊಗಳಿಕೆ ಹೆಚ್ಚಿನ ಮೆಮೊರಿ ಜೋಡಿಸಿದಂತೆಯೇ. ಬೀಳುವ ದಿನ ಮುಂದಕ್ಕೆ ಹೋಗುತ್ತದೆ. ಒಬ್ಬರ ಸೈರಣೆ ಎಷ್ಟು ದೊಡ್ಡದೋ ಉಳಿದವರ ತಪ್ಪು ಅಷ್ಟು ಕಾಲ ಕಾಣದೆ ಉಳಿಯುತ್ತದೆ. ಗುಣವೊಂದು ಹೀಗೆ ತಪ್ಪಿಗೆ ಮರೆಯಾಗಿ ನಿಲ್ಲುವಾಗ ಅದನ್ನು ಇನ್ನೂ ಗುಣವೆಂದೇ ಕರೆಯಬೇಕೇ? ಕರೆಯಬಹುದು, ಆದರೆ ಹೊಗಳುವವರು ಮೊದಲು ತಮ್ಮ ಎಲೆ ಎತ್ತಲಿ ಎಂಬುದು ನನ್ನ ಉತ್ತರ.

ಯಂತ್ರದ ಲೋಕದಲ್ಲಿ ಇನ್ನೂ ಕಟುವಾದದ್ದೊಂದು ಇದೆ. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಮೆಮೊರಿ ಪೂರ್ತಿ ಮುಗಿದಾಗ, ಎಲ್ಲವೂ ಸಾಯುವ ಬದಲು ಒಂದನ್ನು ಸಾಯಿಸುವ ಏರ್ಪಾಟು ಇದೆ. ಯಾವುದನ್ನು? ಮುಖ್ಯವಾಗಿ, ಅತಿ ಹೆಚ್ಚು ಮೆಮೊರಿ ಬಳಸುತ್ತಿರುವುದನ್ನು. ಎಷ್ಟೋ ಸಲ ಅದೇ ಎಲ್ಲರ ಲೆಕ್ಕಪತ್ರ ಹೊತ್ತುಕೊಂಡು ನ್ಯಾಯವಾಗಿ ಕೆಲಸ ಮಾಡುತ್ತಿರುವ ಪ್ರೋಗ್ರಾಮು ಆಗಿರುತ್ತದೆ. ಸೋರುತ್ತಿರುವುದು ಪಕ್ಕದ ಸಣ್ಣದು. ಬಲಿಯಾಗುವುದು ಭಾರ ಹೊತ್ತದ್ದು. ಯಂತ್ರಕ್ಕೆ ಅಷ್ಟೇ ತಿಳಿಯುವುದು, ಅದನ್ನು ದೂರಿ ಫಲವಿಲ್ಲ. ಹೆಚ್ಚು ತಿಳಿಯಬಲ್ಲ ನಾವೂ ಹಾಗೆಯೇ ಮಾಡುವುದು ಶೋಚನೀಯ.

ಇಷ್ಟು ಹೊತ್ತು ಬೇರೆಯವರು ಎತ್ತದ ಎಲೆಗಳ ಮಾತಾಯಿತು. ನಾವೇ ಹಿಡಿದುಕೊಂಡದ್ದರ ಮಾತನ್ನೂ ಆಡಬೇಕಲ್ಲ. ಪ್ರೋಗ್ರಾಮರುಗಳು ಬಿಡಲು ಮರೆಯುತ್ತಾರೆಂದೇ, ಯಂತ್ರವೇ ಗುಡಿಸಿಕೊಳ್ಳುವ ಉಪಾಯವನ್ನು ಅಮೆರಿಕದ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ 1960ರಲ್ಲಿ ಪ್ರಕಟವಾದ ಬರಹವೊಂದರಲ್ಲಿ ವಿವರಿಸಿದ. ಇಂದು ಜಾವಾ ಮುಂತಾದ ಭಾಷೆಗಳಲ್ಲಿ ಅದು ಸಹಜವಾಗಿ ನಡೆಯುತ್ತದೆ. ಯಾರೂ ಹಿಡಿದುಕೊಳ್ಳದೆ ಉಳಿದದ್ದನ್ನೆಲ್ಲ ಅದು ಎತ್ತಿ ಹಾಕುತ್ತದೆ. ಆದರೂ ಜಾವಾದಲ್ಲಿ ಲೀಕ್ ಆಗುವುದು ನಿಂತಿಲ್ಲ. ಕಾರಣ ಸರಳ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿ ಹೋದವರು ಬರುತ್ತಾರೋ ಇಲ್ಲವೋ ಕಂಡಕ್ಟರಿಗೆ ಗೊತ್ತಿಲ್ಲ; ಟವೆಲ್ ಇದೆ, ಆದ್ದರಿಂದ ಸೀಟು ಬಿಟ್ಟುಕೊಡುವಂತಿಲ್ಲ. ಆ ವಸ್ತು ಮುಂದೆ ಬೇಕಾಗುತ್ತದೋ ಇಲ್ಲವೋ ಗುಡಿಸುವವನಿಗೆ ತಿಳಿಯಲು ದಾರಿಯಿಲ್ಲ. ಹಿಡಿದವರು ಹಿಡಿದಿದ್ದಾರೋ ಇಲ್ಲವೋ ಎಂಬುದಷ್ಟೇ ಅವನಿಗೆ ಕಾಣುತ್ತದೆ. ಕಾಲವೆಂಬ ದೊಡ್ಡ ಗುಡಿಸುವವನ ವಿಷಯದಲ್ಲೂ ಇದೇ ಮಾತು. ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುತ್ತಾರೆ. ನಾವು ಟವೆಲ್ ಹಾಕಿಟ್ಟದ್ದನ್ನು ಅದೂ ಮುಟ್ಟುವುದಿಲ್ಲ.

2012ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಅಮೆಜಾನ್ ಕಂಪನಿಯ ದೊಡ್ಡ ಸರ್ವರು ಕೇಂದ್ರವೊಂದರಲ್ಲಿ ತೊಂದರೆಯಾಗಿ, ಅದನ್ನು ನಂಬಿದ್ದ ಅನೇಕ ಸೇವೆಗಳು ನಿಂತುಹೋದವು. ಕಂಪನಿಯೇ ಪ್ರಕಟಿಸಿದ ವಿವರಣೆ ಹೀಗಿದೆ. ಅಂಕಿಅಂಶ ಸಂಗ್ರಹಿಸುವ ಒಂದು ಯಂತ್ರ ಕೆಟ್ಟಿತು. ಅದರ ಜಾಗಕ್ಕೆ ಹೊಸದನ್ನು ಇಟ್ಟರು. ಹೊಸ ವಿಳಾಸ ಕೆಲವು ಸರ್ವರುಗಳಿಗೆ ತಲುಪಲಿಲ್ಲ. ಅವು ಹೋದ ಯಂತ್ರವನ್ನೇ ಮತ್ತೆ ಮತ್ತೆ ಕರೆಯುತ್ತಿದ್ದವು. ಹಾಗೆ ಕರೆಯುತ್ತಾ ಹೋದಂತೆ ಸ್ವಲ್ಪ ಸ್ವಲ್ಪವೇ ಮೆಮೊರಿ ಸವೆದು, ಕೊನೆಗೆ ತಮ್ಮ ನಿಜವಾದ ಕೆಲಸಕ್ಕೆ ಜಾಗವಿಲ್ಲದಂತಾಯಿತು. ಆ ಅಂಕಿಅಂಶಗಳಾದರೋ ತಡವಾದರೂ, ತಪ್ಪಿಹೋದರೂ ನಡೆಯುವಂಥವು.

ಇದನ್ನು ತಿಳಿದಾಗ ನನಗೆ ನಾನು ಬಲ್ಲ ಎಷ್ಟೋ ಹೆಂಗಸರು ನೆನಪಾದರು. ಎಂದೋ ತೀರಿಹೋದ ಅತ್ತೆಯ ಮಾತಿಗೆ ಮನಸ್ಸಿನಲ್ಲೇ ಇಂದಿಗೂ ಉತ್ತರ ಕೊಡುತ್ತಿರುವವರು, ಮೂವತ್ತು ವರ್ಷದ ಹಿಂದೆ ಓದು ಬಿಡಿಸಿದ ಅಪ್ಪನೊಡನೆ ಈಗಲೂ ವಾದಿಸುತ್ತಿರುವವರು. ಕೇಳಿಸಿಕೊಳ್ಳಬೇಕಾದವರು ಅಲ್ಲಿಲ್ಲ, ಕರೆ ನಿಂತಿಲ್ಲ. ಅವರಿಗೆ ಆದ ಅನ್ಯಾಯ ಸುಳ್ಳಲ್ಲ, ಮರೆತುಬಿಡಿ ಎನ್ನುವ ಹಕ್ಕು ನನಗಿಲ್ಲ. ಬಹಳ ನೆನಪಿಟ್ಟುಕೊಳ್ಳುವುದು ದೋಷವೂ ಅಲ್ಲ. ತೀರಿಕೊಂಡ ಅಮ್ಮನ ಕೈರುಚಿಯ ನೆನಪು ಎಷ್ಟು ಜಾಗ ಹಿಡಿದರೂ ಹಿಡಿಯಲಿ, ಅದರಿಂದ ಇಂದಿನ ಅಡುಗೆಗೆ ಒಂದು ಹದ ಸಿಗುತ್ತದೆ. ಯಾವ ನೆನಪು ಇಂದಿನ ಯಾವ ಕೆಲಸಕ್ಕೂ ಬಾರದೆ, ಇಂದಿನವರಿಗೆ ಕೂರಲು ಜಾಗ ಕೊಡದೆ ಕುಳಿತಿದೆಯೋ ಅದರ ಬಗ್ಗೆ ಮಾತ್ರ ನನ್ನ ಮಾತು. ಅದು ಯಾವುದೆಂದು ಹೊರಗಿನವರು ಹೇಳಲಾರರು. ಟವೆಲ್ ಹಾಕಿದವರೇ ಎದ್ದು ಹೋಗಿ ತೆಗೆಯಬೇಕು.

ಮೊದಲು ಕೇಳಿದ ಪ್ರಶ್ನೆಗೆ ಈಗ ನನಗೆ ಸಿಕ್ಕಷ್ಟು ಉತ್ತರ ಹೇಳುತ್ತೇನೆ. ಕುಸಿದವರನ್ನು ಕೊನೆಗೆ ವಿಚಾರಿಸೋಣ. ಕೊನೆಯಲ್ಲಿ ಮುಟ್ಟಿದವರನ್ನು ಬಿಟ್ಟುಬಿಡೋಣ. ತೆಗೆದುಕೊಂಡವರು ಹಿಂದಿರುಗಿಸಿದರೇ ಎಂದು ಕೇಳೋಣ, ಹಿಂದಿರುಗಿಸಿದ್ದನ್ನು ನೋಡಿಕೊಳ್ಳಬೇಕಾದವರು ನೋಡಿದರೇ ಎಂದೂ ಕೇಳೋಣ. ಹಳೆಯ ಕಾಲದ ಪ್ರೋಗ್ರಾಮರುಗಳಲ್ಲಿ ಒಂದು ಒಳ್ಳೆಯ ಶಿಸ್ತಿತ್ತಂತೆ. ಜಾಗ ತೆಗೆದುಕೊಳ್ಳುವ ಸಾಲು ಬರೆದ ಕೂಡಲೇ, ನಡುವಿನ ಕೆಲಸಕ್ಕೆ ಕೈಹಾಕುವ ಮುಂಚೆ, ಅದನ್ನು ಬಿಡುವ ಸಾಲನ್ನೂ ಬರೆದಿಟ್ಟುಬಿಡುವುದು. ಮಕ್ಕಳಿಗೆ ಇದನ್ನು ಕಲಿಸಬಹುದು ಎನ್ನಿಸುತ್ತದೆ, ಗಂಡುಮಕ್ಕಳಿಗೂ ಸೇರಿಸಿ. ಉಂಡ ಮೇಲೆ ತಟ್ಟೆ ಎತ್ತಿ ತೊಳೆದಿಡುವುದರಿಂದ ಶುರುಮಾಡಿದರೆ ಸಾಕು.